ಗಡಾಯಿಕಲ್ಲಿನ ಊರಲ್ಲಿ ರಾಕ್ ಸಂಗೀತ

ಬೇಸಗೆ ರಜೆಗೆ ಮೊಮ್ಮಗ ಬೆಂಗಳೂರಿನಿಂದ ನೆಂಟರ ಜತೆ ರಾತ್ರಿ ಬಸ್ಸಿನಲ್ಲಿ ಬಂದ. ಬೆಳಿಗ್ಗೆ ಆರಕ್ಕೆ ಉಜಿರೆ ಪೇಟೆಯಲ್ಲಿ ಇಳಿಯುವಾಗ ಅವನ ಬೆನ್ನ ಮೇಲೆ ಹೆಚ್ಚುಕಡಿಮೆ ಅವನಷ್ಟೇ ಉದ್ದದ ಕಪ್ಪು ಚೀಲ.

"ಎಂತ ಮಾರಾಯ ಅದು?" ಎಂದೆ.

"ಎಲೆಕ್ಟ್ರಿಕ್ ಗಿಟಾರ್ ಅಜ್ಜ. ನಾನೀಗ ರಾಕ್ ಮ್ಯೂಸಿಕ್ ಕಲೀತಾ ಇದ್ದೀನಿ."

"ಹಾಗಾದರೆ ಸರಿಯಾದ ಊರಿಗೇ ಬಂದೆ. ನಮ್ಮಲ್ಲಿರುವಂಥ ರಾಕ್ ನಿಮ್ಮ ಬೆಂಗಳೂರಲ್ಲಿ ಎಲ್ಲುಂಟು?" ಎಂದು ನಕ್ಕೆ. ಅವನಿಗೆ ತಿಳಿಯಲಿಲ್ಲ. ಸಂಜೆ ಬೆಳ್ತಂಗಡಿ ಕಡೆಗೆ ಕರೆದುಕೊಂಡು ಹೋಗಿ ಗಡಾಯಿಕಲ್ಲನ್ನು ತೋರಿಸಿದೆ. ಕಾಡಿನ ನಡುವೆ ಒಂದೇ ಒಂದು ಕರಿಬಂಡೆ ಆಕಾಶಕ್ಕೆ ಎದ್ದು ನಿಂತಿದೆ. 1794ರಲ್ಲಿ ಟಿಪ್ಪು ಸುಲ್ತಾನ ಇದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ. "ಇದು ನಮ್ಮ ರಾಕ್" ಎಂದೆ.

"ಅಯ್ಯೋ ಅಜ್ಜ, ಆ ರಾಕ್ ಬೇರೆ, ಈ ರಾಕ್ ಬೇರೆ!"

ಅವನು ಹೇಳಿದ್ದು ಸರಿ. ಸಂಗೀತದ ರಾಕ್‌ಗೂ ಬಂಡೆಗಲ್ಲಿಗೂ ಸಂಬಂಧವಿಲ್ಲ. ಅದು 'ರಾಕ್ ಅಂಡ್ ರೋಲ್' ಎಂಬ ಮಾತಿನ ಅರ್ಧ. ಅಲ್ಲಿ ರಾಕ್ ಎಂದರೆ ತೂಗಾಡುವುದು, ತೊಟ್ಟಿಲನ್ನು ತೂಗುತ್ತೇವಲ್ಲ, ಹಾಗೆ. ರೋಲ್ ಎಂದರೆ ಉರುಳುವುದು. ಅಮೆರಿಕದ ಕರಿಯ ಜನರ ಬ್ಲೂಸ್ ಹಾಡುಗಳು, ಅವರ ಚರ್ಚಿನ ಹಾಡುಗಳು, ಅಲ್ಲಿಯ ಹಳ್ಳಿಯ ಬಿಳಿಯರ ಹಾಡುಗಳು ಎಲ್ಲ ಬೆರೆತು 1950ರ ದಶಕದಲ್ಲಿ ಈ ಸಂಗೀತ ಹುಟ್ಟಿತು. ಚಕ್ ಬೆರಿ, ಎಲ್ವಿಸ್ ಪ್ರೀಸ್ಲಿ ಮೊದಲ ಸಾಲಿನವರು. ಆಮೇಲೆ ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಪಟ್ಟಣದ ನಾಲ್ಕು ಹುಡುಗರು 'ಬೀಟಲ್ಸ್' ಎಂಬ ತಂಡ ಕಟ್ಟಿ ಜಗತ್ತನ್ನೇ ಕುಣಿಸಿದರು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಮೊಮ್ಮಗನಿಗೆ ಆಶ್ಚರ್ಯ. ನಿಮಗೂ ಆಗಿರಬಹುದು. ಎಪ್ಪತ್ನಾಲ್ಕು ವರ್ಷದ ನಾನು ಹುಟ್ಟುವಾಗಲೇ ಮುದುಕನಾಗಿರಲಿಲ್ಲ, ಮಕ್ಕಳೇ! ಮಂಗಳೂರಿನಲ್ಲಿ ಬಿ.ಕಾಂ. ಓದುವಾಗ ಗಣೇಶೋತ್ಸವಗಳಲ್ಲಿ ನಾವು ಐದಾರು ಮಂದಿ ಆರ್ಕೆಸ್ಟ್ರಾ ಮಾಡುತ್ತಿದ್ದೆವು. ನನ್ನದು ಮೌತ್ ಆರ್ಗನ್, ಬೇಕಾದರೆ ಬಾಂಗೊ. ಹಾಸ್ಟೆಲಿನ ರೇಡಿಯೊದಲ್ಲಿ ರೇಡಿಯೊ ಸಿಲೋನ್ ಹಿಡಿದು ಇಂಗ್ಲಿಷ್ ಹಾಡು ಕೇಳುತ್ತಿದ್ದೆವು. ಮಾತು ಅರ್ಧ ತಿಳಿಯುತ್ತಿರಲಿಲ್ಲ, ತಾಳ ಪೂರ್ತಿ ತಿಳಿಯುತ್ತಿತ್ತು. 1973ರಲ್ಲಿ ಬ್ಯಾಂಕಿಗೆ ಸೇರಿದೆ. ಮೌತ್ ಆರ್ಗನ್ ಪೆಟ್ಟಿಗೆಯ ತಳ ಸೇರಿತು. ಈಗ ನಮ್ಮ ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುವಷ್ಟರ ಮಟ್ಟಿಗೆ ನಾನೂ ಸಂಗೀತಗಾರ.

ಉಜಿರೆಗೆ ಬಾರದವರಿಗಾಗಿ ಎರಡು ಮಾತು. ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ ದಾಟಿ ಸುಮಾರು 65 ಕಿ.ಮೀ. ಬಂದರೆ ನಮ್ಮೂರು. ಇಲ್ಲಿ ರಸ್ತೆ ಕವಲಾಗುತ್ತದೆ. ಒಂದು ಧರ್ಮಸ್ಥಳಕ್ಕೆ, ಇನ್ನೊಂದು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ. ಹಳಬರಿಗೆ ಉಜಿರೆ ಎಂದರೆ ಜನಾರ್ದನ ಸ್ವಾಮಿ ದೇವಸ್ಥಾನ, ಓದುವವರಿಗೆ 1966ರಲ್ಲಿ ಶುರುವಾದ ಎಸ್.ಡಿ.ಎಂ. ಕಾಲೇಜು. ನಮ್ಮಂಥ ಬ್ಯಾಂಕಿನವರಿಗೆ ರುಡ್‌ಸೆಟ್. ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡಲೆಂದು ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಸೇರಿ 1982ರಲ್ಲಿ ಇದನ್ನು ಇಲ್ಲೇ ಶುರು ಮಾಡಿದ್ದು. ಕಾಲೇಜು ಬಿಡುವ ಹೊತ್ತಿಗೆ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಜೆ ಬಂತೆಂದರೆ ಊರು ಮತ್ತೆ ನಮ್ಮಂಥ ಮುದುಕರ ಕೈಗೆ.

ಅಂಥ ಶಾಂತವಾದ ಊರಿನ ಶಾಂತವಾದ ಜಗಲಿಯಲ್ಲಿ ಮರುದಿನ ಮೊಮ್ಮಗ ಗಿಟಾರಿನ ವಯರು ಚುಚ್ಚಿದ. ಮೊದಲ ಶಬ್ದಕ್ಕೆ ನಾಯಿ ಅಂಗಳ ದಾಟಿ ಓಡಿತು. ಒಳಗಿನಿಂದ ಅವನ ಅಜ್ಜಿ, "ಮಿಕ್ಸಿಯಲ್ಲಿ ಯಾರು ಕಲ್ಲು ಹಾಕಿದ್ದು?" ಎಂದಳು. ಅಜ್ಜಿಗೂ ರಾಕ್ ಎಂದರೆ ಕಲ್ಲೇ!

ಈ ವಾದ್ಯದ ಗುಟ್ಟನ್ನು ಅವನೇ ನನಗೆ ಕಲಿಸಿದ. ವೀಣೆಯ ಹಾಗೆ ಇದಕ್ಕೆ ಬುರುಡೆ ಇಲ್ಲ. ಬರೀ ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತ ಉಂಟು, ಅದರ ಸುತ್ತ ಕೂದಲಿಗಿಂತ ಸಪೂರದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದರೆ ಆ ಸುರುಳಿಯಲ್ಲಿ ಇಷ್ಟೇ ಇಷ್ಟು ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಆಂಪ್ಲಿಫಯರಿಗೆ ತಡೆಯಲಾರದಷ್ಟು ಕೊಟ್ಟರೆ ಸ್ವರ ಒಡೆದು ಗರಗರ ಎನ್ನುತ್ತದೆ. ರೇಡಿಯೊ ಹಾಗೆ ಮಾಡಿದರೆ ನಾವು ರಿಪೇರಿಗೆ ಕೊಡುತ್ತಿದ್ದೆವು. ರಾಕ್‌ನವರಿಗೆ ಆ ಗರಗರವೇ ರುಚಿ.

"ಅಜ್ಜ, ಇದು ನಿಮಗೆ ಇಷ್ಟ ಆಗುತ್ತೆ" ಎಂದು ಫೋನಿನಲ್ಲಿ ಒಂದು ಹಾಡು ಹಾಕಿದ. ಶುರುವಿನಲ್ಲೇ ನಾಣ್ಯ ಸುರಿಯುವ ಸದ್ದು, ಅಂಗಡಿಯ ಕ್ಯಾಷ್ ಪೆಟ್ಟಿಗೆ ಠಣ್ ಎಂದು ತೆರೆಯುವ ಸದ್ದು! ಕೌಂಟರಿನಲ್ಲಿ ಆಯುಷ್ಯ ಕಳೆದ ನನ್ನ ಕಿವಿ ನೆಟ್ಟಗಾಯಿತು. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ತಂಡದ 'ಮನಿ' ಎಂಬ ಹಾಡು ಅದು. ಬಂದದ್ದು 1973ರಲ್ಲಿ, ನಾನು ಬ್ಯಾಂಕಿಗೆ ಸೇರಿದ ವರ್ಷ. ಬರೆದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೆ ಬಂದು ಹಾಡಿಹೋಗಿದ್ದಾರೆ. ಮುಂದಿನ ವರ್ಷ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡದವರೂ ಬೆಂಗಳೂರಿಗೆ ಬಂದಿದ್ದರು.

ಹಾಡು ಕೇಳುತ್ತಾ ನನ್ನ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಒಂದು, ಎರಡು, ಮೂರು... ಏಳಕ್ಕೆ ತಿರುಗಿ ಮೊದಲಿಗೆ ಬರುತ್ತದೆ. ಇನ್ನೊಮ್ಮೆ ಎಣಿಸಿದೆ. ಏಳೇ. "ಇದು ನಮ್ಮ ತ್ರಿವುಡೆ ಮಾರಾಯ!" ಎಂದು ಕೂಗಿದೆ. ಯಕ್ಷಗಾನದ ತ್ರಿವುಡೆ ತಾಳಕ್ಕೂ ಏಳು ಅಕ್ಷರ. ಸಾಮಾನ್ಯವಾಗಿ ರಾಕ್ ಹಾಡೆಂದರೆ ನಾಲ್ಕರ ಲೆಕ್ಕ. ಈ ಹಾಡು ಮಾತ್ರ ಏಳರಲ್ಲಿ ನಡೆದು, ನಡುವೆ ಗಿಟಾರ್ ಒಂದೇ ನುಡಿಸುವಲ್ಲಿ ನಾಲ್ಕಕ್ಕೆ ಹಾರಿ, ಮತ್ತೆ ಏಳಕ್ಕೆ ಮರಳುತ್ತದೆ. ಮೊಮ್ಮಗ ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಅಜ್ಜ, ಅಪ್ಪನಿಗೂ ನೀವೇ ಕಲಿಸಿದ್ದಾ?"

"ಎಂತ ಕಲಿಸಿದ್ದು?"

"ಗಿಟಾರ್. ಅಪ್ಪ ಚಿಕ್ಕವರಿದ್ದಾಗ ನುಡಿಸ್ತಿದ್ದರಂತೆ. ಆಮೇಲೆ ಬಿಟ್ಟರಂತೆ. ಯಾಕೆ ಅಂತ ಕೇಳಿದರೆ ಹೇಳಲ್ಲ."

ನಾನೂ ಹೇಳಲಿಲ್ಲ. "ಬಾ, ಬಿಸಿಲು ಏರುವ ಮೊದಲು ಸುರ್ಯಕ್ಕೆ ಹೋಗಿ ಬರೋಣ" ಎಂದೆ.

ಸುರ್ಯ ಉಜಿರೆಯಿಂದ ನಾಲ್ಕೇ ಕಿ.ಮೀ. ಅಲ್ಲಿನ ಸದಾಶಿವ ರುದ್ರ ದೇವರಿಗೆ ಮಣ್ಣಿನ ಹರಕೆ. ಬೆಳ್ಳಿ ಬಂಗಾರ ಬೇಡ. ಮನೆ ಬೇಕಾದವರು ಮಣ್ಣಿನ ಮನೆ, ಮಗು ಬೇಕಾದವರು ಮಣ್ಣಿನ ತೊಟ್ಟಿಲು, ಕೈಕಾಲು ನೋವಿನವರು ಮಣ್ಣಿನ ಕೈಕಾಲು ಒಪ್ಪಿಸುತ್ತಾರೆ. ಹರಕೆ ಬನದ ಮರಗಳ ನೆರಳಲ್ಲಿ ಅವೆಲ್ಲ ರಾಶಿರಾಶಿಯಾಗಿ ಬಿದ್ದಿವೆ. ಹಳೆಯವು ಮಳೆಗೆ ಕರಗಿ ಮಣ್ಣಿಗೆ ಮಣ್ಣಾಗುತ್ತಿವೆ. ಹಸು, ನಾಯಿ, ಕಾರು ಎಲ್ಲ ನೋಡಿದ ಮೊಮ್ಮಗ, "ಇಲ್ಲಿ ಯಾರಾದರೂ ಮಣ್ಣಿನ ಗಿಟಾರ್ ಇಟ್ಟಿರಬಹುದಾ?" ಎಂದ.

ಅವನು ಸುಮ್ಮನೆ ಕೇಳಿದ್ದು. ಆದರೆ ನನಗೆ ತಡೆಯಲಾಗಲಿಲ್ಲ. ಬನದ ಹೊರಗಿನ ಕಟ್ಟೆಯಲ್ಲಿ ಕೂತು ಎಲ್ಲ ಹೇಳಿದೆ.

ನನ್ನ ಮಗ ಪಿ.ಯು.ಸಿ. ಓದುವಾಗ, 1997ರಲ್ಲಿ, ಟ್ಯೂಷನ್ನಿಗೆ ಹೋಗುವ ಬಸ್ಸಿನ ಹಣ ಉಳಿಸಿ, ನಡೆದೇ ಹೋಗಿ, ಒಂದು ಸೆಕೆಂಡ್ ಹ್ಯಾಂಡ್ ಗಿಟಾರ್ ಕೊಂಡಿದ್ದ. ಕರೆಂಟಿನದಲ್ಲ, ಬುರುಡೆಯ ಮಾಮೂಲಿ ಗಿಟಾರು. ರಾತ್ರಿ ಹಿತ್ತಲಿನ ಬಾವಿಕಟ್ಟೆಯಲ್ಲಿ ಕೂತು ನುಡಿಸುತ್ತಿದ್ದ. ಚೆನ್ನಾಗಿಯೇ ನುಡಿಸುತ್ತಿದ್ದ, ಅದೂ ನನಗೆ ಗೊತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ನಲವತ್ತೊಂದು ಅಂಕ ಬಂತು. ನಾನು ಒಂದು ಮಾತೂ ಆಡದೆ ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೇರಿಸಿದೆ. "ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ" ಎಂದೆ. ಪರೀಕ್ಷೆ ಮುಗಿಯಿತು, ಇಂಜಿನಿಯರಿಂಗ್ ಮುಗಿಯಿತು, ಕೆಲಸ, ಮದುವೆ ಎಲ್ಲ ಆಯಿತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ಇಪ್ಪತ್ತೆಂಟು ವರ್ಷ.

ನಾನು ಕೆಟ್ಟವನಾಗಿ ಮಾಡಿದ್ದಲ್ಲ. ಗುಮಾಸ್ತನ ಮಗನಿಗೆ ಇರುವುದು ಅಂಕಪಟ್ಟಿಯೊಂದೇ ಎಂಬ ಹೆದರಿಕೆ. ನನ್ನ ಮೌತ್ ಆರ್ಗನ್ ಪೆಟ್ಟಿಗೆ ಸೇರಿದ್ದೂ ಅದೇ ಹೆದರಿಕೆಯಿಂದ. ಆದರೆ ಹೆದರಿಕೆಯಿಂದ ಕೊಟ್ಟ ಮಾತಾದರೂ ಮಾತೇ ಅಲ್ಲವೇ? ಬ್ಯಾಂಕಿನಲ್ಲಿ ಒಬ್ಬರ ಠೇವಣಿಯನ್ನು ಅವಧಿ ಮುಗಿದ ಮೇಲೂ ಕೊಡದೆ ಇಟ್ಟುಕೊಂಡರೆ ನನ್ನನ್ನು ಮನೆಗೆ ಕಳುಹಿಸುತ್ತಿದ್ದರು.

ಮೊಮ್ಮಗ ಬೈಯಲಿಲ್ಲ. "ಅಟ್ಟದಲ್ಲಿ ಈಗಲೂ ಉಂಟಾ ಅಜ್ಜ?" ಎಂದಷ್ಟೇ ಕೇಳಿದ. ಒಂದು ವಾರದಲ್ಲಿ ಅವನ ಮಾತಿಗೂ 'ಉಂಟು' ಬಂದಿತ್ತು!

ಇತ್ತು. ಇಳಿಸಿ ಬಿಚ್ಚಿದಾಗ ನಮ್ಮೂರಿನ ಇಪ್ಪತ್ತೆಂಟು ಮಳೆಗಾಲಗಳು ಅದರ ಮೇಲೆ ಕಂಡವು. ತಂತಿಗಳು ತುಕ್ಕು ಹಿಡಿದು ಮುಟ್ಟಿದರೆ ಮುರಿಯುತ್ತಿದ್ದವು. ತಂತಿಗಳನ್ನು ಕಟ್ಟುವ ಕುದುರೆ ಅಂಟು ಬಿಟ್ಟು ಮೇಲೆದ್ದಿತ್ತು. ಬಿರಡೆಗಳು ತಿರುಗುತ್ತಿರಲಿಲ್ಲ. ಪುಣ್ಯಕ್ಕೆ ಗೆದ್ದಲು ಮುಟ್ಟಿರಲಿಲ್ಲ. ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿದ ಆಚಾರಿಯವರಲ್ಲಿಗೆ ಒಯ್ದೆವು. ಅವರು ಎರಡು ಬೆರಳಿನಿಂದ ಹಲಗೆಯನ್ನು ತಟ್ಟಿ, ಕಿವಿಯಿಟ್ಟು ಕೇಳಿ, "ಮರ ಸತ್ತಿಲ್ಲ, ನಾಲ್ಕು ದಿನ ಬಿಟ್ಟು ಬನ್ನಿ" ಎಂದರು.

ತಂತಿ ತರಲು ಮಂಗಳೂರಿಗೆ ಹೋದೆವು. ಬಿ.ಸಿ. ರೋಡು ದಾಟಿದ ಮೇಲೆ ನೇತ್ರಾವತಿಯ ಆಚೆ ದಡ ತೋರಿಸಿ, "ಅಲ್ಲಿ ಸಜೀಪಮೂಡ ಎಂಬ ಊರುಂಟು. ಕದ್ರಿ ಗೋಪಾಲನಾಥರ ಊರು" ಎಂದೆ. ಮೊಮ್ಮಗನಿಗೆ ಹೆಸರು ಗೊತ್ತಿರಲಿಲ್ಲ. ನಿಮ್ಮಲ್ಲಿಯೂ ಕೆಲವು ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

ಅವರು ಹುಟ್ಟಿದ್ದು 1949ರಲ್ಲಿ. ತಂದೆ ತನಿಯಪ್ಪನವರು ನಾಗಸ್ವರದವರು. ಹುಡುಗ ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವರು 1840ರ ದಶಕದಲ್ಲಿ ಮಾಡಿದ ವಾದ್ಯ ಅದು. ಸೈನಿಕರ ಬ್ಯಾಂಡಿಗೂ ಆಮೇಲೆ ಜಾಝ್, ರಾಕ್‌ಗಳಿಗೂ ಒಗ್ಗಿದ್ದು. ಕೀಲಿ ಒತ್ತಿದರೆ ಇಂಥದೇ ಸ್ವರ ಎಂದು ಗೊತ್ತುಮಾಡಿದ ಆ ವಾದ್ಯದಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕವನ್ನು ತರುವುದು ಹೇಗೆ? ಗೋಪಾಲನಾಥರು ವರ್ಷಗಟ್ಟಲೆ ಸಾಧನೆ ಮಾಡಿ, ವಾದ್ಯದಲ್ಲೂ ಬೇಕಾದ ಮಾರ್ಪಾಡು ಮಾಡಿಕೊಂಡು ಕರ್ನಾಟಕ ಸಂಗೀತ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರೋಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು. ಇಂದು ನಮ್ಮ ಜಿಲ್ಲೆಯ ಮದುವೆಗಳಲ್ಲಿ, ದೇವಸ್ಥಾನದ ಜಾತ್ರೆಗಳಲ್ಲಿ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಏನೋ ಕೊರತೆ. ಅದು ಬೆಲ್ಜಿಯಂನದೆಂದು ಯಾರಿಗೆ ನೆನಪು?

"ಹಾಗಾದರೆ ಗಿಟಾರ್ ಕೂಡ ನಮ್ಮದಾಗಬಹುದು" ಎಂದ ಮೊಮ್ಮಗ.

ಆಗಿಯೇ ಹೋಗಿದೆಯಲ್ಲ! 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಕ್ಕೆ ನಮ್ಮ ರಾಜ್‌ಕುಮಾರ್ ಇಂಗ್ಲಿಷ್ ಹಾಡು ಹಾಡಿ ಗಿಟಾರಿನ ಕಾಲಕ್ಕೆ ಕಾಲು ಕೂಡಿಸಿದ್ದರು. ಆ ಚಿತ್ರ ನೋಡಿದ ಅಜ್ಜ ಅಜ್ಜಿಯರು ಈಗ ನಗುತ್ತಿರಬಹುದು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೊದಲು ಕಲಿತದ್ದು ಭರತನಾಟ್ಯ. ಗೆಳೆಯನೊಬ್ಬ ಅಣಕಿಸಿ ಸವಾಲು ಹಾಕಿದ್ದಕ್ಕೆ ಗಿಟಾರ್ ಹಿಡಿದರಂತೆ. ಶಿಶುನಾಳ ಷರೀಫರ ಪದಗಳನ್ನು ರಾಕ್ ತಂಡದ ಜತೆ, ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಹೆಸರಾಂತ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು. ಧಾರವಾಡ ಸೀಮೆಯ ತತ್ವಪದಕ್ಕೆ ಇಂಗ್ಲೆಂಡಿನ ಹುಡುಗರು ಕುಣಿದರು.

ಆ ಶುಕ್ರವಾರ ಹತ್ತಿರದ ಗದ್ದೆಯಲ್ಲಿ ಯಕ್ಷಗಾನವಿತ್ತು. ಪತ್ತನಾಜೆ ಬಂತೆಂದರೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದರ ಮೊದಲು ಒಂದು ಆಟ ತೋರಿಸಬೇಕೆಂದು ಕರೆದೊಯ್ದೆ. ಈಗ ಅನೇಕ ಮೇಳಗಳದು ಕಾಲಮಿತಿಯ ಆಟ, ನಡುರಾತ್ರಿಗೆ ಮುಗಿಯುತ್ತದೆ. ನನ್ನ ಮೊಣಕಾಲಿಗೆ ಅದೇ ಅನುಕೂಲ.

ನಾವು ಹೋದಾಗ ಮದ್ದಳೆಯವರು ಸಣ್ಣ ಸುತ್ತಿಗೆಯಿಂದ ಅಂಚನ್ನು ತಟ್ಟಿ ತಟ್ಟಿ ಶ್ರುತಿ ಮಾಡುತ್ತಿದ್ದರು. ಹುಡುಗನಿಗೆ ಬೇಸರ ಬಂತು. "ಯಾವಾಗ ಶುರು ಅಜ್ಜ?" ಎಂದ. ಆಗ ಅವನಿಗೊಂದು ಕತೆ ಹೇಳಿದೆ.

ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನಮ್ಮ ರವಿಶಂಕರರಿಂದ ಸಿತಾರ್ ಕಲಿತವರು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗೆ ಏನಾದರೂ ಮಾಡಬೇಕೆಂದು ರವಿಶಂಕರರು ಹೇಳಿದಾಗ, ಹ್ಯಾರಿಸನ್ ತನ್ನ ಗೆಳೆಯರನ್ನೆಲ್ಲ ಕೂಡಿಸಿ ನ್ಯೂಯಾರ್ಕಿನಲ್ಲಿ ದೊಡ್ಡ ಕಛೇರಿ ಮಾಡಿದರು. ಆಗಸ್ಟ್ 1ನೇ ತಾರೀಕು. ಮೊದಲು ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ಅವರ ತಬಲಾ. ಮೂವರೂ ಸ್ವಲ್ಪ ಹೊತ್ತು ಶ್ರುತಿ ಕೂಡಿಸಿ ನಿಲ್ಲಿಸಿದರು. ಸಭೆಗೆ ಸಭೆಯೇ ಜೋರಾಗಿ ಚಪ್ಪಾಳೆ ತಟ್ಟಿತು, ಒಂದು ಹಾಡು ಮುಗಿಯಿತೆಂದು! ರವಿಶಂಕರರು ನಗುತ್ತಾ, ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸಬಹುದು ಎಂಬರ್ಥದ ಮಾತು ಹೇಳಿದರಂತೆ.

ಮೊಮ್ಮಗ ಬಿದ್ದು ಬಿದ್ದು ನಕ್ಕ. ಅಷ್ಟರಲ್ಲಿ ಚೆಂಡೆ ಎದ್ದಿತು. ನಿಂತುಕೊಂಡು ಎರಡು ಕೋಲಿನಲ್ಲಿ ಬಾರಿಸುವ ತೆಂಕುತಿಟ್ಟಿನ ಚೆಂಡೆ. ಎದೆಯೊಳಗೆ ಕೇಳುವ ಸದ್ದು ಅದು. ರಕ್ಕಸ ವೇಷ ಸಭೆಯ ಹಿಂದಿನಿಂದ ದೊಂದಿ ಹಿಡಿದು ರಾಳದ ಪುಡಿ ಎರಚಿ ಬೆಂಕಿಯೆಬ್ಬಿಸುತ್ತಾ ಬಂದಾಗ ಹುಡುಗ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. "ಅಜ್ಜ, ಮುಖಕ್ಕೆ ಬಣ್ಣ, ಬೆಂಕಿ, ಡ್ರಮ್ಸ್! ಇದೇ ಅಲ್ವಾ ರಾಕ್ ಕಾನ್ಸರ್ಟ್!" ಎಂದು ನನ್ನ ಕಿವಿಯಲ್ಲಿ ಕಿರುಚಿದ. ಚೆಂಡೆಯ ಅಬ್ಬರದಲ್ಲಿ ನನಗೆ ಕೇಳಿಸಿದ್ದು ಅರ್ಧ. ತಾಳ ಮಾತ್ರ ಇಬ್ಬರಿಗೂ ಪೂರ್ತಿ ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಮಗ ಬಂದ, ಹುಡುಗನನ್ನು ಕರೆದುಕೊಂಡು ಹೋಗಲು. ಗಿಟಾರ್ ಜಗಲಿಯ ಮರದ ಕುರ್ಚಿಯಲ್ಲಿತ್ತು. ಹೊಸ ತಂತಿ, ಆಚಾರಿಯವರು ಅಂಟಿಸಿದ ಕುದುರೆ, ಎಣ್ಣೆ ಬಿಟ್ಟು ಸಡಿಲಿಸಿದ ಬಿರಡೆ. ಚಪ್ಪಲಿ ಬಿಡುವಾಗ ಅವನು ಅದನ್ನು ನೋಡಿದ. ಏನೂ ಹೇಳದೆ ಸ್ನಾನಕ್ಕೆ ಹೋದ. ನೀರುದೋಸೆ ತಿನ್ನುವಾಗಲೂ ಆಫೀಸಿನ ಮಾತು, ಮಳೆಯ ಮಾತು. ನನ್ನ ಕೈಯಲ್ಲಿದ್ದ ಕಾಫಿ ಆರಿತು.

ಆಮೇಲೆ ಜಗಲಿಗೆ ಬಂದು ಕುರ್ಚಿಯಲ್ಲಿ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. "ಕುದುರೆ ಅಂಟಿಸಿದ್ದು ಯಾರು?"

"ಆಚಾರಿಯವರು."

"ಒಳ್ಳೆದಾಗಿದೆ."

ನಾನು ವಾರದಿಂದ ಮನಸ್ಸಿನಲ್ಲಿ ಉದ್ದದ ಮಾತು ಕಟ್ಟಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದೆ. ಕೊಡಲಿಲ್ಲ. ನನ್ನದು ತಪ್ಪಾಯಿತು ಮಗಾ."

ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಈ ಮೂರನೇ ತಂತಿ ಕೇಳಿ ಅಪ್ಪ. ಸ್ವಲ್ಪ ಇಳಿದಿದೆ ಅಲ್ಲವಾ?" ಎಂದ. ನಾನು ಹಾರ್ಮೋನಿಯಂ ತಂದು ಸ್ವರ ಹಿಡಿದೆ. ಅವನು ಬಿರಡೆ ತಿರುಗಿಸಿದ. ಒಂದೊಂದೇ ತಂತಿ ಏರಿ ಏರಿ ತನ್ನ ಜಾಗಕ್ಕೆ ಬಂದು ಕೂತಿತು. ಕೊನೆಗೆ ಆರೂ ತಂತಿಗಳ ಮೇಲೆ ಒಮ್ಮೆ ಬೆರಳೆಳೆದ. ನಮ್ಮ ಹಳೆಯ ಜಗಲಿ ತುಂಬಿತು.

ನಾನು ಚಪ್ಪಾಳೆ ತಟ್ಟಿದೆ.

"ಅಜ್ಜ! ಅಪ್ಪ ಇನ್ನೂ ನುಡಿಸಿಲ್ಲ, ಬರೀ ಶ್ರುತಿ ಮಾಡಿದ್ದು!" ಎಂದ ಮೊಮ್ಮಗ.

"ಗೊತ್ತುಂಟು ಮಾರಾಯ" ಎಂದೆ.